ಹಡಗಿಲ್ಲದ ಲಿವರ್‌ಪೂಲ್

ಮೇ ತಿಂಗಳ ಒಂದು ಬೆಳಿಗ್ಗೆ ಮೆಲ್ಬೋರ್ನ್‌ನಲ್ಲಿ ಇಳಿದೆ. ಚಳಿಯಿತ್ತು, ಜಿಟಿಜಿಟಿ ಮಳೆಯೂ ಇತ್ತು. ನನ್ನ ತಮ್ಮ ಮಂಜು ಈ ದೇಶದಲ್ಲಿ ಆರು ವರ್ಷ ಇದ್ದ. ಮೊದಲು ಮೆಲ್ಬೋರ್ನ್, ಆಮೇಲೆ ಸಿಡ್ನಿಯ ಲಿವರ್‌ಪೂಲ್ ಎಂಬ ಬಡಾವಣೆ. ಅವನಿದ್ದಾಗ ನನಗೆ ಬರಲಾಗಲಿಲ್ಲ. ಮೆದುಳು ಜ್ವರದಲ್ಲಿ ತೀರಿಕೊಂಡು, ಪೆಟ್ಟಿಗೆಯಲ್ಲಿ ದಾವಣಗೆರೆಗೆ ಬಂದ. ಮೂರು ತಿಂಗಳಾದ ಮೇಲೆ ಅಪ್ಪನೇ ನನ್ನನ್ನು ಕಳಿಸಿದರು. "ಅವನಿದ್ದ ಊರು ನೋಡಿಕೊಂಡು ಬಾ. ಆ ಬಂದರು ಹೇಗಿದೆ ಅಂತ ಬಂದು ಹೇಳು" ಎಂದರು.

ಅಪ್ಪ ಹತ್ತಿ ಗಿರಣಿಯಲ್ಲಿದ್ದವರು. ನಮ್ಮ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ಅದು. ಗಿರಣಿಯ ಯಂತ್ರಗಳ ಮೇಲೆ ಎರಕ ಹೊಯ್ದಿದ್ದ ಇಂಗ್ಲೆಂಡಿನ ಊರುಗಳ ಹೆಸರು ಓದಿ ಓದಿ ಅವರಿಗೆ ಆ ಊರುಗಳ ಹುಚ್ಚು ಹಿಡಿದಿತ್ತು. ಊಟಕ್ಕೆ ಕೂತಾಗ ಒಂದೊಂದೇ ಕೇಳುವರು. "ಶೆಫೀಲ್ಡ್?" "ಚಾಕು, ಚೂರಿ." "ನ್ಯೂಕ್ಯಾಸಲ್?" "ಕಲ್ಲಿದ್ದಲು." "ಲಿವರ್‌ಪೂಲ್?" "ಬಂದರು." ತಪ್ಪಿದರೆ, ಸರಿ ಹೇಳುವವರೆಗೆ ಎರಡನೇ ಸಲ ಸಾರು ಬೀಳುತ್ತಿರಲಿಲ್ಲ. ಗಿರಣಿ ಮುಚ್ಚಿತು. ಈಗ ನಮ್ಮ ಊರಿಗೆ ಬೆಣ್ಣೆದೋಸೆಯಿಂದ ಹೆಸರು. ಅಪ್ಪನ ಪ್ರಶ್ನೆಗಳು ಮಾತ್ರ ನಿಲ್ಲಲಿಲ್ಲ.

ಮೆಲ್ಬೋರ್ನ್‌ನಲ್ಲಿ ಮಂಜುವಿನ ಗೆಳೆಯ ಸತೀಶನ ಮನೆಯಲ್ಲಿ ಉಳಿದೆ. ಮರುದಿನ ಅವನು ಮಗಳನ್ನೂ ಕರೆದುಕೊಂಡು ನನ್ನನ್ನು ಲೋಕಲ್ ರೈಲಿನಲ್ಲಿ ಬ್ರೈಟನ್ ಎಂಬ ಸಬರ್ಬಿಗೆ ಕರೆದೊಯ್ದ. ಬ್ರೈಟನ್ ಅಂದರೆ ಸಮುದ್ರಸ್ನಾನ, ಅದೂ ಅಪ್ಪನ ಪಾಠವೇ. ಇಲ್ಲಿ ನಿಜಕ್ಕೂ ಸಮುದ್ರವಿತ್ತು. ಮರಳಿನ ಮೇಲೆ ಸಾಲಾಗಿ, ಸ್ನಾನಕ್ಕೆ ಬಂದವರು ಬಟ್ಟೆ ಬದಲಿಸುವ ಬಣ್ಣ ಬಳಿದ ಮರದ ಗೂಡುಗಳಿದ್ದವು.

"ಮಂಜು ಇಲ್ಲಿಂದಲೇ ನಿಮ್ಮ ತಂದೆಗೆ ಫೋನ್ ಮಾಡಿದ್ದ ಅಕ್ಕ. 'ಬ್ರೈಟನ್ ಕರೆಕ್ಟ್ ಅಪ್ಪ' ಅಂತ ಅಷ್ಟೇ ಹೇಳಿ ಇಟ್ಟುಬಿಟ್ಟ" ಎಂದ ಸತೀಶ.

ಮಗಳು ಅವನ ಕೋಟು ಎಳೆದು, "ಟೂ ಕೋಲ್ಡ್, ಡ್ಯಾಡಿ" ಎಂದಳು.

"ಆಂಟಿ ಇದಾರೆ, ಕನ್ನಡದಲ್ಲಿ ಹೇಳು."

"ಚಳಿ. ಓಕೆ?"

ಅವರಿಬ್ಬರೂ ನಕ್ಕರು. ನನಗೆ ಆ ಸಮುದ್ರ ಅಷ್ಟು ಚೆನ್ನಾಗಿರಬೇಕಾಗಿರಲಿಲ್ಲ ಅನ್ನಿಸಿತು.

ಸಿಡ್ನಿಗೆ ಹಗಲು ರೈಲಿನಲ್ಲಿ ಹನ್ನೊಂದು ಗಂಟೆಯ ದಾರಿ. ಹೊರಗೆ ಒಣಹುಲ್ಲು, ಕುರಿ, ಮತ್ತೆ ಒಣಹುಲ್ಲು. ಸತೀಶನ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನ ತಣ್ಣಗಾಗಿತ್ತು. ಸಿಡ್ನಿಯಿಂದ ಲಿವರ್‌ಪೂಲ್‌ಗೆ ಮತ್ತೆ ಒಂದು ಗಂಟೆ. ಮಂಜುವಿನ ಜೊತೆ ಮನೆ ಹಂಚಿಕೊಂಡಿದ್ದ ತುಮಕೂರಿನ ಪ್ರಕಾಶ ಸ್ಟೇಷನ್ನಿಗೆ ಬಂದಿದ್ದ.

ಬೆಳಿಗ್ಗೆ ಎದ್ದವಳೇ ಕೇಳಿದೆ, "ಬಂದರು ಯಾವ ಕಡೆ?"

"ಯಾವ ಬಂದರು ಅಕ್ಕ? ಇಲ್ಲಿರೋದು ಒಂದು ಕೆಂಚು ನೀರಿನ ಹೊಳೆ. ಹಡಗು ನೋಡಬೇಕಂದ್ರೆ ನಾವೂ ರಜಾ ಹಾಕಿ ಸಿಟಿಗೆ ಹೋಗಬೇಕು."

"ಅಪ್ಪ ಹಡಗಿನ ಕೂಗು ಫೋನಲ್ಲಿ ಸ್ವಂತ ಕಿವೀಲಿ ಕೇಳಿದಾರೆ."

ಪ್ರಕಾಶ ನಗಲು ಹೋಗಿ ತಡೆದುಕೊಂಡ. ಕಿಟಕಿಯ ಹತ್ತಿರ ಕರೆದ. ಕೆಳಗೆ ರೈಲು ಹಳಿ ಕಾಣುತ್ತಿತ್ತು. "ಭಾನುವಾರ ಮಂಜು ಗೂಡ್ಸ್ ಗಾಡಿ ಬರೋವರೆಗೂ ಕಾಯ್ತಿದ್ದ ಅಕ್ಕ. ಅದು ಕೂಗಿದಾಗ ಫೋನ್ ಹೊರಗೆ ಹಿಡಿದು, 'ಹಡಗು ಬಂತಪ್ಪ' ಅನ್ನೋನು. ನಾವು ಬಾಯಿಗೆ ಬಟ್ಟೆ ತುರುಕಿಕೊಂಡು ನಗ್ತಿದ್ವಿ. ಒಂದ್ಸಲ ಗಾಡಿ ಬರಲೇ ಇಲ್ಲ, ನಾನೇ ಅಡುಗೆಮನೆಯಿಂದ ಕೂಗಿದೆ. ಎಮ್ಮೆ ಥರ ಇತ್ತು ಅಂತ ಆಮೇಲೆ ಬೈದ."

ಅಪ್ಪ ಪ್ರತಿ ಸೋಮವಾರ ಹೋಟೆಲಿನಲ್ಲಿ ಹಳೆಯ ಗಿರಣಿಯವರ ಮುಂದೆ ಆ ಕೂಗನ್ನು ಬಾಯಲ್ಲೇ ಮಾಡಿ ತೋರಿಸುತ್ತಿದ್ದರು.

"ನಗೋಕೆ ನಿಮಗೆ ನಮ್ಮಪ್ಪನೇ ಸಿಕ್ಕಿದ್ರಾ?" ಎಂದೆ.

ಅವನು ಕಿಟಕಿಯಿಂದ ಹಿಂದೆ ಸರಿದ. "ಬಂದರು ಇಲ್ಲ ಅಂತ ಹೇಳಿದ್ರೆ ಅಪ್ಪ ಅಷ್ಟು ವರ್ಷ ಕಲಿಸಿದ್ದೇ ಸುಳ್ಳು ಅಂದಂಗಾಗುತ್ತೆ ಅಂತಿದ್ದ ಅಕ್ಕ."

ಹಾಗಾದರೆ ಈ ಊರು ಯಾವುದಕ್ಕೆ ಹೆಸರುವಾಸಿ ಎಂದು ಕೇಳಿದೆ. "ಈ ಕಡೆಯವರಿಗೆಲ್ಲ ಲಿವರ್‌ಪೂಲ್ ಅಂದ್ರೆ ಆಸ್ಪತ್ರೆ" ಎಂದ. ಮಂಜು ಕೊನೆಗಿದ್ದದ್ದು ಅಲ್ಲೇ. ನಡೆದುಕೊಂಡೇ ಹೋದೆವು. ದೊಡ್ಡ ಕಟ್ಟಡ, ಎಲ್ಲ ಕಿಟಕಿಗಳೂ ಒಂದೇ ಥರ. ಪ್ರಕಾಶ ಮೊದಲು ಒಂದು ಕಿಟಕಿ ತೋರಿಸಿದ, ಆಮೇಲೆ ಅದಲ್ಲ ಎಂದು ಪಕ್ಕದ್ದನ್ನು ತೋರಿಸಿದ. ನಾನು ಎರಡನ್ನೂ ನೋಡಿದೆ.

ಸಾವಿನ ಮನೆಯಿಂದ ಏಳುವಾಗ ನಮ್ಮಲ್ಲಿ "ಹೋಗಿ ಬರ್ತೀನಿ" ಅನ್ನುವುದಿಲ್ಲ. ಹೊರಡುವ ದಿನ ನಾನು ಸುಮ್ಮನೆ ಚೀಲ ಎತ್ತಿಕೊಂಡೆ. ಪ್ರಕಾಶ ಬಾಗಿಲಲ್ಲಿ ನಿಂತು, "ಹೋಗಿ ಬನ್ನಿ ಅಕ್ಕ, ಮತ್ತೆ ಬರಬೇಕು" ಎಂದ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಿರುಗಿ ನೋಡದೆ ಮೆಟ್ಟಿಲಿಳಿದೆ. ಹಿಂದೆ ಗೂಡ್ಸ್ ಗಾಡಿ ಕೂಗಿತು. ಅದು ಯಾವ ಕಿವಿಗೂ ಹಡಗಿನ ಹಾಗೆ ಕೇಳುವಂಥದ್ದಲ್ಲ. ಅಪ್ಪನಿಗೆ ಹೇಗೆ ಕೇಳಿತೋ.

ದಾವಣಗೆರೆ ತಲುಪಿದ ದಿನ ಅಪ್ಪ ಏನೂ ಕೇಳಲಿಲ್ಲ. ಮರುದಿನ ಊಟಕ್ಕೆ ಕೂತರು. ನಾನು ಸಾರಿನ ಸೌಟು ಹಿಡಿದು ನಿಂತಿದ್ದೆ.

"ಲಿವರ್‌ಪೂಲ್?" ಎಂದರು.

ಬಂದರು ಎನ್ನಲು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ.

"ಆಸ್ಪತ್ರೆ" ಅಂದೆ.

ಅಪ್ಪ ತಪ್ಪು ಎನ್ನಲಿಲ್ಲ. ತಟ್ಟೆಯನ್ನು ಸಾರಿಗೆ ಮುಂದೆ ಸರಿಸಿದರು. ಇನ್ನೊಂದು ಊರು ಕೇಳಲಿಲ್ಲ.