ರೊಟ್ಟಿ ತಿರುವುವಷ್ಟು ಹೊತ್ತು

ಪರದೇಶದ ವಿದನ್‌ಶಾ ಊರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರು ಧಾರವಾಡದ ಕಡೆಯ ಡಾಕ್ಟರು. ಡ್ಯೂಟಿ ಮುಗಿಸಿ ಬಂದವರೇ ಗಿಟಾರ್ ಹಿಡಿಯುತ್ತಿದ್ದರು. ಯಾವ ಹಾಡಿನ ಸ್ವರಗಳನ್ನೂ ಫೋನಿನಲ್ಲಿ ನೋಡಿಕೊಂಡವರಲ್ಲ, ಕಿವಿಯಿಂದಲೇ ಹುಡುಕಬೇಕು. ಮೊದಲು ತೊಡೆಯ ಮೇಲೆ ತಾಳ ತಟ್ಟಿ, ಆಮೇಲೆ ತಂತಿ ಮುಟ್ಟುವರು. ತಪ್ಪಿದಾಗಲೆಲ್ಲ ಒಂದೇ ಮಾತು: “ಗಡಿಬಿಡಿ ಬ್ಯಾಡ, ಇನ್ನೊಮ್ಮೆ ಕೇಳೂಣು.”

ಒಂದು ಭಾನುವಾರ ಅವರು ಗಿಟಾರ್ ಹಿಡಿದೇ ನಮ್ಮಲ್ಲಿ ಚಹಾಕ್ಕೆ ಬಂದಿದ್ದರು. ತೀರಿಕೊಂಡ ನಮ್ಮವ್ವನ ಹಾಡೊಂದನ್ನು ಹಾಡಿದೆ. ನುಡಿಸುತ್ತ ಬಂದವರು ಎರಡನೇ ಸಾಲಿನ ಕೊನೆಗೆ ತಾಳ ತಪ್ಪಿದರು. ಮತ್ತೆ ಹಾಡಿದೆ, ಮತ್ತೆ ಅಲ್ಲೇ ತಪ್ಪಿತು.

“ನಂದೇ ತಪ್ಪಿರಬೇಕ್ರಿ. ಅವ್ವ ಹಾಡಿದಂಗ ಹಾಡ್ತೀನಿ ಅಷ್ಟ,” ಎಂದೆ.

ಅವರು ತೊಡೆ ತಟ್ಟುತ್ತಲೇ ಕೇಳಿದರು, “ಅವ್ವಾರು ಇದನ್ನ ಯಾವಾಗ ಹಾಡ್ತಿದ್ರು, ಅಕ್ಕಾರ?”

“ರೊಟ್ಟಿ ಬಡಿಯುವಾಗ್ರಿ.”

“ಹಂಗಾರ ಇಲ್ಲಿ ಹಾಡು ನಿಲ್ಲಿಸಿ ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕ್ಯಾರ. ಇದನ್ನ ತಿದ್ದೂದು ಬ್ಯಾಡ್ರಿ.”

ಮುಂದಿನ ಸಲ ಆ ಜಾಗ ಬಂದಾಗ ಅಂಗೈಯಿಂದ ತಂತಿಗಳನ್ನು ಮೆಲ್ಲಗೆ ಒತ್ತಿ ಹಿಡಿದರು. ರೊಟ್ಟಿ ತಿರುವುವಷ್ಟು ಹೊತ್ತು ಕಾದು, ಕೈ ಎತ್ತಿ ಮುಂದಿನ ಸಾಲಿಗೆ ಹೋದರು.

ಆಮೇಲೆ ಅವರಿಗೆ ನಾಟಿಂಗ್‌ಹ್ಯಾಮ್‌ನಲ್ಲಿ ಕೆಲಸವಾಯಿತು. ಈಗ ಗೋಡೆಯಾಚೆ ಬೇರೆ ಯಾರದೋ ಟೀವಿ ಮಾತಾಡುತ್ತದೆ. ಪಾತ್ರೆ ತೊಳೆಯುತ್ತ ಆ ಹಾಡು ಗುನುಗಿದರೆ, ಎರಡನೇ ಸಾಲಿನ ಕೊನೆಗೆ ನಿಲ್ಲುತ್ತೇನೆ. ಅವ್ವ ರೊಟ್ಟಿ ತಿರುವಿ ಮುಗಿಸುತ್ತಾಳೆ. ತಂತಿಗಳ ಮೇಲಿನ ಡಾಕ್ಟರ ಅಂಗೈ ಮಾತ್ರ ಏಳುವುದಿಲ್ಲ, ಮುಂದಿನ ಸಾಲು ಶುರುವಾಗುವುದಿಲ್ಲ.