ಮೊದಲ ತುತ್ತು

ದೆವ್ವ, ಗಾಳಿ, ದೃಷ್ಟಿ ಇವನ್ನೆಲ್ಲ ನಾನು ನಂಬಿದವನಲ್ಲ. ನನ್ನದು ಕೃಷಿ ಇಲಾಖೆಯಲ್ಲಿ ಕೆಲಸ. ಮರ ಒಣಗಿದರೆ ಬುಡ ಅಗೆದು ಬೇರು ನೋಡಿ ಎನ್ನುವವನು. ನಂಬುವವರನ್ನು ಕಂಡರೆ ಗೇಲಿ ಮಾಡುವ ಚಟವೂ ಇತ್ತು. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರನ್ನೂ ಬಿಡುತ್ತಿರಲಿಲ್ಲ.

ಕಣಕಟ್ಟೆ ಕಡೆಯ ತೆಂಗಿನ ತೋಟಗಳಿಗೆಲ್ಲ ನುಸಿ ಬಿದ್ದಿದ್ದ ಕಾಲ. ಅದನ್ನು ಅಭ್ಯಾಸ ಮಾಡಲು ಬೆಂಗಳೂರಿನಲ್ಲಿ ಓದುತ್ತಿದ್ದ ನೈಜೀರಿಯಾದ ವಿದ್ಯಾರ್ಥಿಯೊಬ್ಬ ಬಂದ. ಹೆಸರು ಟೈವೊ. ಲಾಡ್ಜ್ ಯಾಕೆಂದು ಹಾರನಹಳ್ಳಿಯ ನಮ್ಮ ಮನೆಯಲ್ಲೇ ಎರಡು ವಾರ ಉಳಿಸಿಕೊಂಡೆ. ಮೊದಲ ದಿನವೇ ಮುದ್ದೆಯನ್ನು ಅಗಿಯದೆ ನುಂಗಿದ್ದಕ್ಕೆ ನಮ್ಮವ್ವ ಅವನನ್ನು ಮೆಚ್ಚಿಬಿಟ್ಟಳು. ಅವರ ಊರಲ್ಲೂ ಇಂಥದೇ ಮುದ್ದೆ ಇದೆಯಂತೆ.

ಆಗ ನಮ್ಮ ಮನೆಯ ಚಿಂತೆಯೇ ಬೇರೆ. ಮೂರು ವರ್ಷದ ಮಗಳು ಕಾವ್ಯ ತಿಂಗಳುಗಳಿಂದ ಸರಿಯಾಗಿ ಉಣ್ಣುತ್ತಿರಲಿಲ್ಲ. ಅರಸೀಕೆರೆ, ಹಾಸನ ಎಂದು ಡಾಕ್ಟರುಗಳಿಗೆ ತೋರಿಸಿಯಾಗಿತ್ತು. ಏನೂ ತೊಂದರೆಯಿಲ್ಲ ಎಂದರು. ತೂಕ ಮಾತ್ರ ಇಳಿಯುತ್ತಲೇ ಇತ್ತು, ಪಕ್ಕೆಲುಬು ಎಣಿಸಬಹುದಿತ್ತು. ಮಗು ಕೈತಪ್ಪಿ ಹೋಗುತ್ತದೆಂದು ನನಗೆ ನಿಜವಾಗಿ ಭಯವಾಗಿತ್ತು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಕಾವ್ಯ ಎಂದಿನಂತೆ ಮೊದಲ ತುತ್ತನ್ನು ತಟ್ಟೆಯಿಂದ ತೆಗೆದು ಎಡಗಡೆ ನೆಲದ ಮೇಲಿಟ್ಟು ಸುಮ್ಮನೆ ಕೂತಳು. ಹೆಂಡತಿ ಗದರಿ, ನೆಲ ಒರೆಸಿದಳು. ಅದನ್ನೇ ನೋಡುತ್ತಿದ್ದ ಟೈವೊ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ: “ಇನ್ನೊಂದು ಮಗು ಎಲ್ಲಿ?”

ನಾನು ತಬ್ಬಿಬ್ಬಾದೆ. ಕಾವ್ಯ ಅವಳಿಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವಳ ಹಿಂದೆಯೇ ಹುಟ್ಟಿದ ಗಂಡುಮಗು ಗಂಟೆಯೊಳಗೆ ತೀರಿಕೊಂಡಿತ್ತು. ತೋಟದ ಬದುವಿನಲ್ಲಿ ನಾನೇ ಹೂತು ಬಂದಿದ್ದೆ. ಅಷ್ಟು ಚಿಕ್ಕ ಕೂಸಿಗೆ ನಮ್ಮಲ್ಲಿ ತಿಥಿಯಿಲ್ಲ, ಎಡೆಯಿಲ್ಲ. ಅದರ ಮಾತನ್ನೂ ಯಾರೂ ಎತ್ತುತ್ತಿರಲಿಲ್ಲ.

ಟೈವೊ ತಾನೂ ಅವಳಿ ಎಂದ. ಅವಳಿಗಳಲ್ಲಿ ಮೊದಲು ಹುಟ್ಟಿದವರಿಗೆ ಅವನ ಜನರಲ್ಲಿ ಟೈವೊ ಎಂದೇ ಹೆಸರು. ಆದರೆ ಹಿರಿಯವನು ಆಮೇಲೆ ಹುಟ್ಟಿದವನೇ. ಲೋಕದ ರುಚಿ ನೋಡು ಹೋಗು ಎಂದು ಅವನೇ ಕಿರಿಯವನನ್ನು ಮುಂದೆ ಕಳಿಸುತ್ತಾನಂತೆ. ಇಬ್ಬರಿಗೂ ಇರುವುದು ಒಂದೇ ಪ್ರಾಣ. ಒಬ್ಬರು ಸತ್ತರೆ ಮರದ ಗೊಂಬೆ ಕೆತ್ತಿಸಿ, ಅದಕ್ಕೆ ಮೀಯಿಸಿ ಉಣಿಸಬೇಕು. ಇಲ್ಲವಾದರೆ ಸತ್ತವರು ಉಳಿದವರನ್ನೂ ಕರೆದುಕೊಳ್ಳುತ್ತಾರೆ. “ನಮ್ಮಮ್ಮ ತಪ್ಪದೆ ಚರ್ಚಿಗೆ ಹೋಗುತ್ತಾಳೆ. ನನ್ನ ಜೊತೆ ಹುಟ್ಟಿ ತೀರಿಕೊಂಡ ಅಣ್ಣನ ಗೊಂಬೆಗೂ ತಪ್ಪದೆ ಊಟ ಇಡುತ್ತಾಳೆ. ಮನೆಗೆ ಬಂದ ನೆಂಟರು ಅವನನ್ನು ಮಾತನಾಡಿಸಿಯೇ ಕೂರುವುದು,” ಎಂದ.

ನನಗೆ ರೇಗಿತು. ಓದಿದವನಾಗಿ ಇದೇನು ಮಾತು ಎಂದೆ. ಅವ್ವ ಮಾತ್ರ ಬಿಡಲಿಲ್ಲ. ಅವನು ಹೇಳಿದ್ದೇನೆಂದು ನನ್ನಿಂದಲೇ ಕನ್ನಡದಲ್ಲಿ ಹೇಳಿಸಿಕೊಂಡಳು. ಮರುದಿನ ಅವನಿಂದ ಹಲಸಿನ ತುಂಡಿನಲ್ಲಿ ಗೇಣುದ್ದದ ಗೊಂಬೆ ಕೆತ್ತಿಸಿ, ಮಧ್ಯಾಹ್ನ ಕಾವ್ಯಳ ಎಡಕ್ಕೆ ಅದನ್ನು ಕೂರಿಸಿ, ಮುಂದೆ ಒಂದು ಸಣ್ಣ ಎಲೆ ಹಾಕಿದಳು.

“ಅದೂ ನಮ್ಮನೆ ಕೂಸೇ ಕಣೋ. ಒಂದು ತುತ್ತು ಇಟ್ರೆ ನಿನ್ನ ಗಂಟೇನು ಹೋಗ್ತೈತೆ?” ಎಂದಳು. ಹೆಂಡತಿ ಅಳುತ್ತಲೇ ಎಲೆಗೆ ಬಡಿಸಿದಳು.

ಕಾವ್ಯ ಸ್ವಲ್ಪ ಹೊತ್ತು ಎಲೆಯನ್ನೇ ನೋಡಿದಳು. “ಮಿಹಿರ ಉಂಡ. ಈಗ ನಂಗೆ,” ಎಂದು ಬಾಯಿ ತೆರೆದಳು. ಆ ದಿನ ಅರ್ಧ ಮುದ್ದೆ ಉಂಡಳು. ತಿಂಗಳೊಳಗೆ ಮೈ ಕೈ ತುಂಬಿಕೊಂಡಳು.

ಅವಳು ಉಂಡದ್ದಕ್ಕೆ ಕಾರಣ ಹುಡುಕಬಹುದು. ಗೊಂಬೆಯ ಆಟ, ಗದರುವುದನ್ನು ಬಿಟ್ಟ ಅಮ್ಮ, ಹಾಸನದ ಟಾನಿಕ್. ಟೈವೊ ಅವಳಿಗಳ ನಡುವೆ ಬೆಳೆದವನು, ಊಹಿಸಿರಬಹುದು. ಆದರೆ ಆ ಹೆಸರು? ಮಿಹಿರ ಎಂಬವರು ನಮ್ಮ ವಂಶದಲ್ಲಿಲ್ಲ, ಊರಲ್ಲಿಲ್ಲ. ಹೆಂಡತಿ ಬಸುರಿಯಾಗಿದ್ದಾಗ ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಪತ್ರಿಕೆಯೊಂದರಲ್ಲಿ ಕಂಡು, ಗಂಡಾದರೆ ಇಡೋಣವೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಬದುವಿನಲ್ಲಿ ಮಣ್ಣು ಎಳೆಯುವಾಗ ಒಂದೇ ಒಂದು ಸಲ ಹಾಗೆಂದು ಕರೆದಿದ್ದೆ. ಹತ್ತಿರ ಯಾರೂ ಇರಲಿಲ್ಲ.

ಕಾವ್ಯಳಿಗೆ ಈಗ ಅದೇನೂ ನೆನಪಿಲ್ಲ. ಮಗು ತಾನೇ ಕಟ್ಟಿಕೊಂಡ ಹೆಸರೆಂದು ಹೆಂಡತಿ ಇವತ್ತಿಗೂ ತಿಳಿದಿದ್ದಾಳೆ. ಹೇಳಬೇಕೆಂದರೂ ನನಗೆ ಬಾಯಿ ಬರಲಿಲ್ಲ. ಅದು ತನ್ನ ಮಗನಿಗೆ ಅವನಪ್ಪ ಇಟ್ಟ ಹೆಸರೆಂದು ಅವಳಿಗೆ ಗೊತ್ತಾಗುವುದು ಇದನ್ನು ಓದಿದ ಮೇಲೆಯೇ.