ಸಾಲಿಗೆ ಸೇರದ ಗುಂಡಿ

ಮಗಳ ಹೊಸ ಜೀನ್ಸಿನ ವಾಸನೆಗೆ ರಾಯದುರ್ಗದ ನಮ್ಮ ಪಡಸಾಲೆ ನೆನಪಾಯಿತು. ಅಮ್ಮ ಮತ್ತು ಪಕ್ಕದ ಮನೆಯ ಗೌರಕ್ಕ ಅಲ್ಲಿ ಪ್ಯಾಂಟು ಹೊಲಿಯುತ್ತಿದ್ದರು. ಹಿತ್ತಾಳೆ ಗುಂಡಿಗಳನ್ನು ಅಮ್ಮ ನೆಲದ ಮೇಲೆ ಸಾಲಾಗಿ ಜೋಡಿಸುವಳು. ಸಾಲುಗಳು ಸಮವಾಗಿ ಮುಗಿದರೆ ಒಂದೂ ಕಳೆದಿಲ್ಲ ಎಂಬುದು ಅವಳ ನಂಬಿಕೆ. ಒಮ್ಮೆ ಎರಡರ ಸಾಲು, ಮೂರರದು, ಐದರದು, ಏಳರದು, ಹೇಗಿಟ್ಟರೂ ಒಂದು ಒಂಟಿಯಾಗಿ ಉಳಿಯಿತು. ನಾನು ಎಣಿಸಿದೆ: ಇನ್ನೂರ ಹನ್ನೊಂದು.

"ಇದರ ಜೊತೆಯವು ಎಲ್ಲಿಟ್ಟಿ ಗೌರಿ?" ಎಂದಳು ಅಮ್ಮ.

"ನಾ ಮುಟ್ಟಿಲ್ರಿ ಅಕ್ಕ," ಎಂದು ಎದ್ದುಹೋದ ಗೌರಕ್ಕ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಇವತ್ತು ಆ ಸಾಲುಗಳ ಕತೆಯನ್ನೂ ಆ ಸಂಖ್ಯೆಯನ್ನೂ ಮಗಳಿಗೆ ಹೇಳಿದೆ.

"ಅದು ಅವಿಭಾಜ್ಯ ಸಂಖ್ಯೆ ಅಪ್ಪಾ. ಹೆಂಗ ಜೋಡಿಸಿದ್ರೂ ಸಮ ಸಾಲು ಬರಂಗಿಲ್ಲ."

ಪಕ್ಕದಲ್ಲಿ ಕೂತಿದ್ದ ಅಮ್ಮ ಕೇಳಿದಳು, "ಹಂಗಾರ ಗೌರಿ ಕದ್ದಿರಲಿಲ್ಲೇನು?"

ಅವಳ ಬೆರಳು ಬರಿನೆಲದ ಮೇಲೆ ಸಾಲು ಹಾಕುತ್ತಲೇ ಇತ್ತು.